‘ಮೈತ್ರಿ’ ಎಂದರೆ ಸಾಕೆ? ರಷ್ಯಾ ಮತ್ತು ಅದರ ಜೊತೆಗಾರರ ಬಗ್ಗೆ ಒಂದು ಪದಚರ್ಚೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಉಕ್ರೇನ್ ಯುದ್ಧದ ಮೇಲಿನ ಒಂದು ಲೇಖನವನ್ನು ಕನ್ನಡಕ್ಕೆ ತರುವಾಗ ಮೂರು ಕಡೆ ಪೆನ್ನು ನಿಂತಿದೆ. ಮೊದಲನೆಯದು ‘ಅಲೈಯನ್ಸ್’. ಉತ್ತರ ಕೊರಿಯಾ, ಇರಾನ್, ಬೆಲಾರುಸ್, ಚೀನಾ ಈ ನಾಲ್ಕರ ಜೊತೆ ರಷ್ಯಾಕ್ಕಿರುವ ನಂಟಿಗೂ ‘ಮೈತ್ರಿ’ ಎಂದೇ ಹಾಕಿದರೆ ನಾಲ್ಕೂ ಒಂದೇ ತೂಕದವು ಅನ್ನಿಸುತ್ತದೆ. ಎರಡನೆಯದು, ಮೂಲದಲ್ಲಿ ಇನ್ವೇಷನ್, ಅಗ್ರೆಷನ್, ಅಟ್ಯಾಕ್ ಎಂದು ಬೇರೆ ಬೇರೆ ಇದ್ದರೂ ನಮ್ಮಲ್ಲಿ ಎಲ್ಲವೂ ‘ದಾಳಿ’ಯೇ ಆಗಿಬಿಡುತ್ತದೆ. ಮೂರನೆಯದು, ಈ ದೇಶಗಳನ್ನೆಲ್ಲ ಸೇರಿಸಿ ‘ಸರ್ವಾಧಿಕಾರಿ ರಾಷ್ಟ್ರಗಳು’ ಎನ್ನಬಹುದೇ? ಬಲ್ಲವರು ತಿಳಿಸಬೇಕು.

ಉತ್ತರ

‘ಮೈತ್ರಿ’ ತಪ್ಪಲ್ಲ. ಆದರೆ ಕರ್ನಾಟಕದಲ್ಲಿ ಆ ಪದ ಕೇಳಿದ ಕೂಡಲೇ ನೆನಪಾಗುವುದು ಮೈತ್ರಿ ಸರ್ಕಾರ, ಸೀಟು ಹಂಚಿಕೆ, ಖಾತೆ ಕ್ಯಾತೆ. 2018ರ ಸರ್ಕಾರವನ್ನಂತೂ ಪತ್ರಿಕೆಗಳು ‘ದೋಸ್ತಿ ಸರ್ಕಾರ’ ಎಂದೇ ಕರೆದವು. ಬೇಕಾದಾಗ ಕೂಡಿ ಬೇಡವಾದಾಗ ಬಿಡುವ ಈ ಮೈತ್ರಿಯೇ ಬೇರೆ, ‘ನಿನ್ನ ಮೇಲೆ ಯಾರಾದರೂ ದಂಡೆತ್ತಿ ಬಂದರೆ ನನ್ನ ಸೇನೆ ಬರುತ್ತದೆ’ ಎಂದು ಸಹಿ ಹಾಕಿಕೊಡುವ ಮೈತ್ರಿಯೇ ಬೇರೆ. ಹಾಗಾಗಿ ನಿಘಂಟು ತೆರೆಯುವ ಮೊದಲು ಒಪ್ಪಂದದ ವಿಧಿಗಳನ್ನು ತೆರೆಯಿರಿ. ಯಾರು, ಯಾವಾಗ, ಏನು ಮಾಡಬೇಕೆಂದು ಬರೆದಿದೆಯೋ ಅದೇ ಪದವನ್ನು ಗೊತ್ತುಮಾಡುತ್ತದೆ.

ಉತ್ತರ ಕೊರಿಯಾದಿಂದಲೇ ಶುರು ಮಾಡೋಣ. 2024ರ ಜೂನ್ 19ರಂದು ಅದರ ರಾಜಧಾನಿ ಪ್ಯೊಂಗ್‌ಯಾಂಗ್‌ನಲ್ಲಿ ಪುಟಿನ್ ಮತ್ತು ಕಿಮ್ ಜೊಂಗ್ ಉನ್ ಸಹಿ ಹಾಕಿದ ಪತ್ರದ ಹೆಸರು ‘ಸಮಗ್ರ ಕಾರ್ಯತಂತ್ರ ಪಾಲುದಾರಿಕೆ ಒಪ್ಪಂದ’. ಹೆಸರಿನಲ್ಲಿ ಮೈತ್ರಿ ಇಲ್ಲ. ಅಂದು ಕಿಮ್ ಕೊರಿಯನ್ನಿನ ‘ದೊಂಗ್‌ಮೆಂಗ್’, ಅಂದರೆ ಮೈತ್ರಿಕೂಟ, ಎಂಬ ಪದವನ್ನು ಮತ್ತೆ ಮತ್ತೆ ಬಳಸಿದರು. ಪಕ್ಕದಲ್ಲೇ ಇದ್ದ ಪುಟಿನ್ ಆ ಪದದ ತಂಟೆಗೆ ಹೋಗಲಿಲ್ಲ. ಆದರೆ 23 ವಿಧಿಗಳ ಆ ಪತ್ರದ 4ನೆಯದನ್ನು ಓದಿ: ಒಂದು ದೇಶ ಸಶಸ್ತ್ರ ದಾಳಿಗೆ ಸಿಕ್ಕಿ ಯುದ್ಧಸ್ಥಿತಿಗೆ ಬಂದರೆ ಇನ್ನೊಂದು ದೇಶ ತಡಮಾಡದೆ, ತನ್ನ ಕೈಲಿರುವ ಎಲ್ಲ ಬಲದಿಂದ, ಸೇನಾ ನೆರವನ್ನೂ ಇತರ ನೆರವನ್ನೂ ಕೊಡಬೇಕು. ಹೆಸರು ಪಾಲುದಾರಿಕೆಯದು, ಹೊಣೆ ಮೈತ್ರಿಯದು. ಇದನ್ನು ಧೈರ್ಯವಾಗಿ ‘ರಕ್ಷಣಾ ಮೈತ್ರಿ’ ಎಂದು ಬರೆಯಿರಿ.

ನಿಮ್ಮ ಎರಡನೆಯ ಪ್ರಶ್ನೆಗೂ ಇದೇ ವಿಧಿ ಒಳ್ಳೆಯ ಉದಾಹರಣೆ. ಅದರ ರಷ್ಯನ್ ಪಠ್ಯದಲ್ಲಿರುವುದು ‘ನಪದೇನಿಯೆ’, ಅಂದರೆ ದಾಳಿ. ಕೊರಿಯನ್ ಪಠ್ಯದಲ್ಲಿರುವುದು ‘ಚಿಮ್‌ಗೊಂಗ್’, ಒಳನುಗ್ಗಿ ಬರುವ ಆಕ್ರಮಣ. 2024ರ ಆಗಸ್ಟ್ 6ರಂದು ಉಕ್ರೇನ್ ಪಡೆ ರಷ್ಯಾದ ಕುರ್ಸ್ಕ್ ಪ್ರಾಂತ್ಯಕ್ಕೆ ನುಗ್ಗಿತು. ಶರತ್ಕಾಲದ ಹೊತ್ತಿಗೆ ಉತ್ತರ ಕೊರಿಯಾದ ಹತ್ತು ಸಾವಿರಕ್ಕೂ ಮಿಕ್ಕ ಸೈನಿಕರು ರಷ್ಯಾದಲ್ಲಿದ್ದಾರೆ ಎಂದು ಅಮೆರಿಕ, ದಕ್ಷಿಣ ಕೊರಿಯಾ ಲೆಕ್ಕ ಹಾಕಿದವು. ಒಪ್ಪಂದ ಜಾರಿಗೆ ಬಂದದ್ದೋ ಡಿಸೆಂಬರ್ 4ಕ್ಕೆ. ಸೈನಿಕರು ಹೋದದ್ದನ್ನು 2025ರ ಏಪ್ರಿಲ್ ಕೊನೆಯಲ್ಲಿ ಎರಡೂ ದೇಶಗಳು ಒಪ್ಪಿಕೊಂಡಾಗ ಪ್ಯೊಂಗ್‌ಯಾಂಗ್ ತೋರಿಸಿದ್ದು ಈ 4ನೇ ವಿಧಿಯನ್ನೇ. ಎರಡೂವರೆ ವರ್ಷದಿಂದ ಪಕ್ಕದವರ ನೆಲದಲ್ಲಿ ಪಾಳೆಯ ಬಿಟ್ಟ ದೇಶವೇ ‘ಆಕ್ರಮಣಕ್ಕೊಳಗಾದ’ ಪಕ್ಷವಾಯಿತು! ಇಂಥ ಕಡೆ ಅವರ ಮಾತನ್ನು ಅವರ ಬಾಯಲ್ಲೇ ಇಡಿ: ‘ಇದು ಆಕ್ರಮಣ ಎಂದು ಪ್ಯೊಂಗ್‌ಯಾಂಗ್ ಹೇಳಿತು’. ನಿಮ್ಮ ಸ್ವಂತ ವಾಕ್ಯದಲ್ಲಿ ಕುರ್ಸ್ಕ್‌ಗೆ ‘ಗಡಿ ದಾಟಿದ ಪ್ರತಿದಾಳಿ’ ಸಾಕು.

ಸಾಮಾನ್ಯವಾಗಿ ದಾಳಿ ನಡೆದು ಮುಗಿಯುವ ಕೆಲಸ. ಐಟಿ ದಾಳಿ, ಕಾಡಾನೆ ದಾಳಿ, ಡ್ರೋನ್ ದಾಳಿ. ಆಕ್ರಮಣ ಎಂದರೆ ಬಂದವರು ಹೋಗಿಲ್ಲ. 2022ರ ಫೆಬ್ರವರಿ 24ರಂದು ಶುರುವಾದದ್ದಕ್ಕೂ ನಿನ್ನೆ ರಾತ್ರಿಯ ಡ್ರೋನಿಗೂ ‘ಉಕ್ರೇನ್ ಮೇಲೆ ರಷ್ಯಾ ದಾಳಿ’ ಎಂದು ಒಂದೇ ತಲೆಬರಹ ಕೊಟ್ಟರೆ ಯುದ್ಧ ದಿನಾ ಹೊಸದಾಗಿ ಹುಟ್ಟಿದಂತಾಗುತ್ತದೆ. ‘ದಂಡಯಾತ್ರೆ’ ಬೇಡ, ಅದರಲ್ಲಿ ಬಿರುದಾವಳಿಯ ವಾಸನೆ ಇದೆ. ‘ಲಗ್ಗೆ’ಯನ್ನು ಈಗ ಮೊಬೈಲ್ ಕಂಪನಿಗಳು ಮಾರುಕಟ್ಟೆಗೆ ಇಡುತ್ತಿವೆ. ಇನ್ನು ‘ವಿಶೇಷ ಸೇನಾ ಕಾರ್ಯಾಚರಣೆ’ ಕ್ರೆಮ್ಲಿನ್ನಿನ ಪದ, ಉದ್ಧರಣ ಚಿಹ್ನೆ ಇಲ್ಲದೆ ಬಳಸಬೇಡಿ. ನಮ್ಮಲ್ಲಿ ಪುಂಡಾನೆ ಸೆರೆಗೂ ಒತ್ತುವರಿ ತೆರವಿಗೂ ‘ಕಾರ್ಯಾಚರಣೆ’ ಎನ್ನುವುದರಿಂದ ಆ ಪದ ಯುದ್ಧವನ್ನು ಇನ್ನಷ್ಟು ಸಣ್ಣದು ಮಾಡುತ್ತದೆ.

ಈಗ ಇರಾನ್. 2025ರ ಜನವರಿ 17ರಂದು ಮಾಸ್ಕೋದಲ್ಲಿ ಸಹಿಯಾದ ಪತ್ರಕ್ಕೂ ಅದೇ ಹೆಸರು, ಸಮಗ್ರ ಕಾರ್ಯತಂತ್ರ ಪಾಲುದಾರಿಕೆ. 47 ವಿಧಿ, 20 ವರ್ಷದ ಅವಧಿ. ಆದರೆ ಇಲ್ಲಿ ಸೇನೆ ಕಳಿಸುವ ಮಾತೇ ಇಲ್ಲ. 3ನೇ ವಿಧಿ ಹೇಳುವುದು ಇಷ್ಟು: ನಿನ್ನ ಮೇಲೆ ಯಾರಾದರೂ ಆಕ್ರಮಣ ಮಾಡಿದರೆ ನಾನು ಅವರಿಗೆ ನೆರವಾಗುವುದಿಲ್ಲ. 2025ರ ಜೂನ್‌ನಲ್ಲಿ ಇಸ್ರೇಲ್, ಆಮೇಲೆ ಅಮೆರಿಕ ಇರಾನಿನ ಮೇಲೆ ಬಾಂಬು ಹಾಕಿದಾಗ ಮಾಸ್ಕೋ ಖಂಡಿಸಿತು, ಸೇನೆ ಕಳಿಸಲಿಲ್ಲ. ‘ಮೈತ್ರಿ’ ಎಂದು ಬರೆದಿದ್ದವರ ಓದುಗರು ಮಿತ್ರ ಎಲ್ಲಿ ಹೋದ ಎಂದು ಕೇಳಿರುತ್ತಾರೆ. ಅವನು ಎಲ್ಲೂ ಹೋಗಿರಲಿಲ್ಲ, ಬರುತ್ತೇನೆಂದು ಬರೆದುಕೊಟ್ಟೇ ಇರಲಿಲ್ಲ. ಇದು ‘ಪಾಲುದಾರಿಕೆ’. ‘ಸಹಭಾಗಿತ್ವ’ವೂ ಆದೀತು, ಆದರೆ ಅದು ಸರ್ಕಾರಿ ಯೋಜನೆಯ ಫಲಕದಂತೆ ಕೇಳಿಸುತ್ತದೆ.

ಚೀನಾದ ವಿಷಯದಲ್ಲಿ ಪಾಪ, ಅವರೇ ನಮ್ಮ ಕೆಲಸ ಹಗುರ ಮಾಡಿದ್ದಾರೆ. ಬೀಜಿಂಗಿನ ರಾಜತಾಂತ್ರಿಕರ ಬಾಯಲ್ಲಿ ‘ಜ್ಯೆಬಾನ್ ಬು ಜ್ಯೆಮೆಂಗ್’ ಎಂಬ ನುಡಿಗಟ್ಟು ಸದಾ ಇರುತ್ತದೆ: ಜೊತೆಯಾಗುತ್ತೇವೆ, ಕೂಟ ಕಟ್ಟುವುದಿಲ್ಲ. ಇಲ್ಲಿನ ‘ಮೆಂಗ್’ ಮತ್ತು ಕಿಮ್ ಹೇಳಿದ ‘ದೊಂಗ್‌ಮೆಂಗ್’ನ ‘ಮೆಂಗ್’ ಒಂದೇ ಅಕ್ಷರ. ಅದರ ಹಳೆಯ ಅರ್ಥ ಬಲಿಯ ರಕ್ತ ತುಟಿಗೆ ಸವರಿ ಮಾಡುವ ಆಣೆ. ಆ ಆಣೆಯನ್ನು ಕಿಮ್ ಕೇಳಿ ಪಡೆದರು, ಚೀನಾ ರಷ್ಯಾದೊಂದಿಗೆ ಅದನ್ನು ಮಾಡಿಲ್ಲ. 2022ರ ಫೆಬ್ರವರಿ 4ರ ಜಂಟಿ ಹೇಳಿಕೆಯಲ್ಲಿ ‘ಎಲ್ಲೆಯಿಲ್ಲದ ಸ್ನೇಹ’ ಎಂದಿತ್ತು, ಅದೇ ಹೇಳಿಕೆ ಈ ನಂಟು ಶೀತಲ ಸಮರದ ಕಾಲದ ಸೇನಾ ಮೈತ್ರಿಗಳಿಗಿಂತ ಮೇಲು ಎಂದೂ ಹೇಳಿತು.

ಹೆಸರು ಬಿಟ್ಟು ಕೆಲಸ ನೋಡಿ ಪದ ಇಟ್ಟ ಜಾಣತನ ನಮ್ಮ ಪಠ್ಯಪುಸ್ತಕದಲ್ಲೇ ಇದೆ. ವೆಲ್ಲೆಸ್ಲಿಯ ‘ಸಬ್ಸಿಡಿಯರಿ ಅಲೈಯನ್ಸ್’ ಕನ್ನಡದಲ್ಲಿ ‘ಸಹಾಯಕ ಸೈನ್ಯ ಪದ್ಧತಿ’ ಆಯಿತು. ಮೈತ್ರಿ ಎಂಬುದನ್ನೇ ಕೈಬಿಟ್ಟರು. 1799ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ಪಗೋಡ (ಅಂದಿನ ಚಿನ್ನದ ನಾಣ್ಯ) ಕಟ್ಟಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸಾಕಬೇಕಿತ್ತು, ಅದಕ್ಕೆ ಮೈತ್ರಿ ಎಂದಿದ್ದರೆ ಅನ್ಯಾಯವಾಗುತ್ತಿತ್ತು.

ಇನ್ನು ಮೂರನೆಯ ಪ್ರಶ್ನೆ. ‘ಸರ್ವಾಧಿಕಾರಿ’ ವ್ಯಕ್ತಿವಾಚಿ. ಕಿಮ್ ಮನೆತನಕ್ಕೆ ಸರಿ. ಪಕ್ಷ ಆಳುವ ಚೀನಾಕ್ಕೂ, ಚುನಾವಣೆ ನಡೆದರೂ ಅಭ್ಯರ್ಥಿಗಳನ್ನು 12 ಜನರ ಪಾಲಕ ಮಂಡಳಿ ಜರಡಿ ಹಿಡಿಯುವ ಇರಾನಿಗೂ ಒಗ್ಗುವುದಿಲ್ಲ. ‘ನಿರಂಕುಶ ಪ್ರಭುತ್ವಗಳು’ ಎಂದರೆ ಎಲ್ಲವೂ ಒಳಗೆ ಬರುತ್ತವೆ.

ಇನ್ನೊಂದು ಉತ್ತರ

ಮೇಲಿನವರು ಬೆಲಾರುಸನ್ನು ಬಿಟ್ಟಿದ್ದಾರೆ. ಅಲ್ಲಿಗೆ ಮತ್ತು ಆಯುಧ ಕೊಟ್ಟವರಿಗೆ ‘ಕುಮ್ಮಕ್ಕು’ ಬಳಸಿದರೆ ಹೇಗೆ? ಇದರ ಮೂಲ ‘ಕುಮಕ್’, ಯುದ್ಧದಲ್ಲಿ ನೆರವಿಗೆ ಬರುವ ಪಡೆ. ಕಾಡಾನೆ ಹಿಡಿಯಲು ಸಹಾಯಕ್ಕೆ ನಿಲ್ಲುವ ಕುಮ್ಕಿ ಆನೆ, ದಕ್ಷಿಣ ಕನ್ನಡದಲ್ಲಿ ವರ್ಗ (ಪಟ್ಟಾ) ಜಮೀನಿಗೆ ತಾಗಿದ ಕುಮ್ಕಿ ಜಾಗ, ಎಲ್ಲವೂ ಅದೇ ಬಳಗ. ಕನ್ನಡದಲ್ಲಿ ಕಾಲಕ್ರಮೇಣ ಅದಕ್ಕೆ ‘ಕೆಟ್ಟ ಕೆಲಸಕ್ಕೆ ಕೊಡುವ ಬೆಂಬಲ’ ಎಂಬ ಬಣ್ಣ ಹತ್ತಿದೆ. ಇರಾನಿನ ಶಾಹೆದ್-136 ಡ್ರೋನು ರಷ್ಯಾದಲ್ಲಿ ‘ಗೆರಾನ್-2’ ಎಂದು ಹೆಸರು ಬದಲಿಸಿ ಹಾರಿತು. ಗೆರಾನ್ ಎಂದರೆ ಜೆರೇನಿಯಂ ಹೂವು. ಉತ್ತರ ಕೊರಿಯಾದಿಂದ 122 ಮತ್ತು 152 ಮಿಲಿಮೀಟರ್ ಫಿರಂಗಿ ಗುಂಡುಗಳು ಬಂದವು. ಇವು ಅಪ್ಪಟ ಕುಮ್ಮಕ್ಕು. ಬೆಲಾರುಸ್ ತನ್ನ ಸೇನೆ ಕಳಿಸಲಿಲ್ಲ, ಆದರೆ ಕೀವ್ ಕಡೆ ಹೊರಟ ರಷ್ಯಾ ಪಡೆಗೆ ತನ್ನ ನೆಲ ಬಿಟ್ಟುಕೊಟ್ಟಿತು.

ಕೌಟಿಲ್ಯನ ಷಾಡ್ಗುಣ್ಯದಲ್ಲಿ, ಅಂದರೆ ರಾಜನೀತಿಯ ಆರು ಉಪಾಯಗಳಲ್ಲಿ, ಬೆಲಾರುಸ್‌ನ ಈ ನಡೆಗೆ ತಕ್ಕ ಪದವೂ ಇದೆ, ‘ಸಂಶ್ರಯ’: ತನ್ನನ್ನು ಇನ್ನೊಬ್ಬನಿಗೆ ಒಪ್ಪಿಸಿಕೊಳ್ಳುವುದು. ಒಪ್ಪಂದ ಎಂಬರ್ಥದ ‘ಸಂಧಿ’ಯೂ ಅಲ್ಲಿನದೇ, ಶಾಸನಗಳಲ್ಲಿ ಒಪ್ಪಂದ, ಯುದ್ಧಗಳನ್ನು ನೋಡಿಕೊಳ್ಳುವ ಸಂಧಿವಿಗ್ರಹಿ ಎಂಬ ಅಧಿಕಾರಿಯೇ ಇದ್ದ. ಆದರೆ ಇಂದಿನ ಓದುಗರಿಗೆ ಸಂಧಿ ಎಂದರೆ ಲೋಪಸಂಧಿ, ಇಲ್ಲವೇ ಮಂಡಿನೋವು.

ಮೊದಲ ಉತ್ತರದವರಿಂದ

‘ಕುಮ್ಮಕ್ಕು’ ಸೊಗಸಾಗಿದೆ, ಸಂಪಾದಕೀಯದಲ್ಲಿ ಬಳಸಿ. ಸುದ್ದಿಯಲ್ಲಿ ‘ಆಯುಧ ನೆರವು’ ಎಂದೇ ಇರಲಿ. ಬೆಲಾರುಸ್ ಮಾಡಿದ್ದಕ್ಕೆ ಮಾತ್ರ ‘ಕುಮ್ಮಕ್ಕು’ ಎಂಬ ಪದ ಸಾಲದು. ವಿಶ್ವಸಂಸ್ಥೆ ಮಹಾಸಭೆ 1974ರಲ್ಲಿ ಒಪ್ಪಿದ ‘ಅಗ್ರೆಷನ್’ ವ್ಯಾಖ್ಯೆಯ 3ನೇ ವಿಧಿಯ ಎಫ್ ಉಪವಿಧಿಯಂತೆ, ಮೂರನೆಯ ದೇಶದ ಮೇಲೆ ಏರಿಹೋಗಲು ತನ್ನ ನೆಲ ಕೊಡುವುದೂ ಆಕ್ರಮಣವೇ. ರಷ್ಯಾದೊಂದಿಗೆ 1999ರ ಡಿಸೆಂಬರ್ 8ರ ‘ಒಕ್ಕೂಟ ರಾಷ್ಟ್ರ’ ಒಪ್ಪಂದ ಬೇರೆ ಇದೆ. ಆದ್ದರಿಂದ ‘ಆಕ್ರಮಣದಲ್ಲಿ ಭಾಗಿ’ ಎನ್ನಿ. ಸಂಶ್ರಯವನ್ನು ಟಿಪ್ಪಣಿ ಇಲ್ಲದೆ ಯಾರೂ ದಾಟಲಾರರು.

ಒಂದು ಕೊಸರು. ‘ಕೀವ್’ ಎಂಬುದು ನಮ್ಮಲ್ಲಿ ರೂಢಿಯಾದ ರೂಪ, ಉಕ್ರೇನಿಯನ್ನರ ಉಚ್ಚಾರ ‘ಕಿಯಿವ್’ಗೆ ಹತ್ತಿರ. ಯಾವುದನ್ನೇ ಬರೆಯಿರಿ, ವಿಭಕ್ತಿ ಹಚ್ಚುವಾಗ ‘ಕೀವಿನಲ್ಲಿ ಸ್ಫೋಟ’ ಎಂದು ಮಾತ್ರ ಬರೆಯಬೇಡಿ. ‘ಕೀವ್‌ನಲ್ಲಿ’ ಎಂದೇ ಒಡೆದು ಬರೆಯಿರಿ, ಇಲ್ಲದಿದ್ದರೆ ಗಾಯದ ವರದಿಯಂತೆ ಕಾಣುತ್ತದೆ.