ಸಹಾಯ ಬೇಕು: ಬೆರಳಚ್ಚು ತಾಳೆಯಾಗದೆ ನಿಂತ ಪಡಿತರ

ಮಾನ್ಯರೇ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ನಮ್ಮ ಬಾಡಿಗೆ ಮನೆಯಲ್ಲಿ ರಾಯಚೂರು ಕಡೆಯಿಂದ ಕೆಂಪುಕಲ್ಲಿನ ಕೋರೆಯ ಕೆಲಸಕ್ಕೆ ಬಂದ ಐವರ ಕುಟುಂಬವೊಂದಿದ್ದು, ಮಳೆಗೆ ಕೋರೆ ನಿಂತ ಮೇಲೆ ಅವರಿಗೆ ಕೂಲಿಯಿಲ್ಲ. ಅವರ ಕರ್ನಾಟಕದ ಬಿಪಿಎಲ್ ಕಾರ್ಡಿಗೆ ‘ಒಂದು ದೇಶ, ಒಂದು ಪಡಿತರ ಚೀಟಿ’ ಯೋಜನೆಯಡಿ ಇಲ್ಲಿನ ರೇಷನ್ ಅಂಗಡಿಯಲ್ಲೂ ತಲೆಗೆ 5 ಕಿಲೋ ಧಾನ್ಯ ಸಿಗಬೇಕು. ಆದರೆ ಕಲ್ಲು ಹೊತ್ತು ಹೊತ್ತು ಗೆರೆಯೇ ಮಾಸಿದ ಯಜಮಾನರ ಹೆಬ್ಬೆರಳನ್ನು ಯಂತ್ರ ಮೂರು ಸಲವೂ ಒಪ್ಪಲಿಲ್ಲ, ಹೆಂಡತಿಯ ಆಧಾರ್ ಇನ್ನೂ ಕಾರ್ಡಿಗೆ ಜೋಡಣೆಯಾಗಿಲ್ಲ. (ಇದರಲ್ಲಿ ಅಂಗಡಿಯವರ ತಪ್ಪೇನೂ ನನಗೆ ಕಾಣಲಿಲ್ಲ.) ಊರಿಗೆ ಹೋಗಿ ಸರಿಪಡಿಸಿಕೊಳ್ಳಲು ಬಸ್ಸಿನ ಹಣವೂ ಅವರಲ್ಲಿಲ್ಲ. ಕಣ್ಣಿನ ಪಾಪೆ ಸ್ಕ್ಯಾನ್ ಮಾಡುವ ಅಂಗಡಿ ಹತ್ತಿರದಲ್ಲಿದೆಯೇ, ಆಧಾರ್ ಜೋಡಣೆಯನ್ನು ಇಲ್ಲಿಂದಲೇ ಮಾಡಿಸಬಹುದೇ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು. ಹೊರರಾಜ್ಯದ ಕೂಲಿಕಾರರಿಗಾಗಿ ಇರುವ ಕೇರಳ ಸರಕಾರದ ‘ಆವಾಸ್’ ವಿಮೆಗೂ ಹೆಸರು ಕೊಡಿಸಬೇಕೆಂದಿದ್ದೇನೆ; ಅವರಿಗೆ ಮಲಯಾಳ ಬಾರದು, ನನಗೂ ಓದಲು ಅಷ್ಟಕ್ಕಷ್ಟೆ, ಆದ್ದರಿಂದ ಜೊತೆಗೆ ಬರುವವರಿದ್ದರೆ ಭಾನುವಾರ ಬಿಟ್ಟು ಯಾವ ದಿನವಾದರೂ ಆದೀತು.