ಯುದ್ಧ ಗೆದ್ರು ಅಂತ ಹೇಳೋದು ಯಾವಾಗ?

ಇತಿಹಾಸದಹುಚ್ಚ: ಒಂದು ಡೌಟು. ವಿಯೆಟ್ನಾಂನ 1968ರ ಟೆಟ್ ದಾಳಿ ಬಗ್ಗೆ ಓದ್ತಿದ್ದೆ, ದಾಳಿ ಮಾಡಿದ ಉತ್ತರ ವಿಯೆಟ್ನಾಂ ಕಡೆಯ ಕಮ್ಯುನಿಸ್ಟರೇ ಜಾಸ್ತಿ ಸತ್ತಿದ್ದು, ನುಗ್ಗಿದ ಊರುಗಳನ್ನೂ ಉಳಿಸ್ಕೊಳ್ಳೋಕಾಗ್ಲಿಲ್ಲ, ಆದ್ರೂ 1975ರಲ್ಲಿ ದಕ್ಷಿಣ ವಿಯೆಟ್ನಾಂ ರಾಜಧಾನಿ ಸೈಗಾನ್ ಅವರ ಕೈಗೇ ಬಂತಲ್ಲ. ಹಂಗಾದ್ರೆ ಕಾಳಗ ಗೆಲ್ಲೋದಕ್ಕೂ ಯುದ್ಧ ಗೆಲ್ಲೋದಕ್ಕೂ ಸಂಬಂಧಾನೇ ಇಲ್ವಾ?

ಮೂಲೆಬೆಂಚು: ಇದೆ, ಆದ್ರೆ ಯಾಕೆ ಯುದ್ಧಕ್ಕಿಳಿದ್ರು ಅನ್ನೋದನ್ನ ಮೊದ್ಲು ನೋಡ್ಬೇಕು. ಅಮೆರಿಕಾಗೆ ಬೇಕಿದ್ದಿದ್ದು ದಕ್ಷಿಣ ವಿಯೆಟ್ನಾಂ ಸರ್ಕಾರ ಉಳೀಬೇಕು ಅಂತ, ಅದು ಉಳೀಲಿಲ್ಲ, ಆ ಕಡೆ ಎಷ್ಟು ಹೆಣ ಬಿತ್ತು ಅಂತ ಎಣಿಸ್ಕೊಂಡು ಕೂತಿದ್ದೆಲ್ಲಾ ದಂಡ. ಎದುರಿನವ್ರಿಗೆ ಗೆಲ್ಲೋ ಅವಸರ ಇರ್ಲಿಲ್ಲ, ಇವ್ರು ಬೇಸತ್ತು ಹೋಗೋ ತನಕ ಸೋಲದೇ ಇದ್ರೆ ಸಾಕಿತ್ತು.

ಸುಮ್ನೆಓದುಗ: ಗ್ರೀಕ್ ರಾಜ ಪಿರ್ರಸ್‌ನ ಮರೀಬೇಡಿ ಗುರು. ಕ್ರಿ.ಪೂ. 279ರಲ್ಲಿ ಇಟಲಿಯ ಆಸ್ಕುಲಮ್‌ನಲ್ಲಿ ರೋಮನ್ನರನ್ನ ಸೋಲಿಸ್ದ, ಆದ್ರೆ ಅವನ ಕಡೆ ಒಳ್ಳೊಳ್ಳೆ ದಳಪತಿಗಳೇ ಹೋಗ್ಬಿಟ್ರು. ರೋಮ್‌ಗೆ ಹೊಸ ಪಡೆ ಮನೆ ಬಾಗಿಲಲ್ಲೇ ಸಿಗ್ತಿತ್ತು, ಇವನದ್ದು ಸಮುದ್ರ ದಾಟಿ ಬರ್ಬೇಕು.

ಕಾಫಿಆಮೇಲೆ: ಎಲ್ರೂ ಸೋತ್ರು, ಯಾರೂ ಗೆಲ್ಲಲ್ಲ ಅನ್ನೋ ಡೈಲಾಗ್ ಮಾತ್ರ ಯಾರೂ ಹೊಡೀಬೇಡಿ ಪ್ಲೀಸ್. 1945ರಲ್ಲಿ ಗೆದ್ದ ಬ್ರಿಟನ್‌ನಲ್ಲಿ ರೇಷನ್ 1954ರ ತನಕ ಮುಗೀಲಿಲ್ಲ, ಯುದ್ಧದ ಟೈಮಲ್ಲೂ ಇಲ್ಲದಿದ್ದ ಬ್ರೆಡ್ ರೇಷನ್ 1946ರಲ್ಲಿ ಶುರುವಾಯ್ತು (ತಮಾಷೆ ಅಲ್ಲ, ನಿಜ), ಸಾಮ್ರಾಜ್ಯಾನೂ ಕೈಬಿಡ್ತು. ಅಷ್ಟಾದ್ರೂ ಹಿಟ್ಲರ್ ಗೆದ್ದಿದ್ರೆ ಏನಾಗ್ತಿತ್ತು ಅಂತ ಯೋಚಿಸಿ, ಅದು ಗೆಲುವೇ.

ಇತಿಹಾಸದಹುಚ್ಚ: ಒಪ್ದೆ. ಉತ್ತರ-ದಕ್ಷಿಣ ಕೊರಿಯಾ ಯುದ್ಧಾನ ಯಾವ ಲೆಕ್ಕಕ್ಕೆ ಹಾಕ್ತೀರಾ? 1953ರಲ್ಲಿ ಕದನವಿರಾಮಕ್ಕೆ ಸೈನ್ ಹಾಕಿದ್ರು, ಗಡಿ ಹೆಚ್ಚುಕಮ್ಮಿ ಶುರುವಾದ ಜಾಗದಲ್ಲೇ ನಿಂತಿದೆ, ಶಾಂತಿ ಒಪ್ಪಂದ ಇನ್ನೂ ಆಗಿಲ್ಲ.

ಮೂಲೆಬೆಂಚು: ಅದಿನ್ನೂ ಮುಗಿದೇ ಇಲ್ವಲ್ಲ ಮಾರಾಯ, ರಿಸಲ್ಟ್ ಎಲ್ಲಿಂದ ಕೊಡೋದು.