ಮಾರುತಿ 800 ಇಂಜಿನ್: ಮೊದಲು ಪಿಸ್ಟನ್ ತರಬೇಕಾ, ಬೋರ್ ಮಾಡಿಸಬೇಕಾ?

ಹಳೇಗಾಡಿ_ಹಾಸನ:
ನನ್ನದು 1998ರ 800. ನೀಲಿ ಹೊಗೆ, ಆಯಿಲ್ ಸುಮ್ನೆ ಕುಡಿಯುತ್ತಿತ್ತು, ಅದಕ್ಕೆ ಇಂಜಿನ್ ಬಿಚ್ಚಿಸಿದ್ದೇನೆ. ಲೇತ್‌ನವರು ಬ್ಲಾಕನ್ನು ಕಣ್ಣಲ್ಲೇ ನೋಡಿ "0.50ಗೆ ಬೋರ್ ಹೊಡೆದುಬಿಡ್ತೀನಿ, ಪಿಸ್ಟನ್ ಆಮೇಲೆ ತನ್ನಿ" ಅಂದರು, ಅಂದರೆ ಸಿಲಿಂಡರನ್ನು 0.50 ಮಿ.ಮೀ. ಅಗಲವಾಗಿ ಕೊರೆಯೋದು. ಇದು ಸರೀನಾ?

ಗ್ರೀಸ್‌ಕೈ:
ಬೇಡವೇ ಬೇಡ. ಮೊದಲು ಬೋರ್ ಗೇಜ್ (ಸಿಲಿಂಡರ್ ಒಳಗಿನ ಅಗಲ ಅಳೆಯುವ ಸಾಧನ) ಹಾಕಿ ಮೂರೂ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಅಳೆಯಲು ಹೇಳಿ. ಹೊಸದರಲ್ಲಿ ಬೋರ್ 68.5 ಮಿ.ಮೀ. ಸವೆತ ಕಮ್ಮಿ ಇದ್ದರೆ 0.25ರಲ್ಲೇ ಮುಗಿಯಬಹುದು, ಮುಂದಿನ ಸಲಕ್ಕೂ ಲೋಹ ಉಳಿಯುತ್ತದೆ. ಸೈಜ್ ಗೊತ್ತಾದ ಮೇಲೆ ಪಿಸ್ಟನ್ ಕೊಂಡು ಅವರ ಕೈಗೇ ಕೊಡಿ, ಒಂದೊಂದನ್ನೂ ಅಳೆದು ಅದಕ್ಕೆ ತಕ್ಕ ಸಂದು ಬಿಟ್ಟು ಬೋರಿಂಗ್, ಹೋನಿಂಗ್ (ಕಲ್ಲಿನಿಂದ ಉಜ್ಜಿ ಒಳಗೋಡೆಗೆ ಸಣ್ಣ ಗೆರೆ ಮೂಡಿಸೋದು) ಮಾಡಬೇಕು. ಕೂದಲೆಳೆಗಿಂತ ಸಣ್ಣ ಸಂದು ಅದು, ಕಣ್ಣಳತೆಗೆ ಸಿಗುತ್ತಾ?

ಹಳೇಗಾಡಿ_ಹಾಸನ:
ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಕೂಡ ಆ ಲೇತ್‌ನವರ ಹತ್ತಿರವೇ ಇದೆ ಸರ್.

ಲೇತ್‌ಮನೆ_ಮಗ:
ನಮ್ಮಪ್ಪನದೇ ಲೇತ್ ಅಂಗಡಿ, ಆ ಕಡೆಯ ಮಾತೂ ಕೇಳಿ. ಗಿರಾಕಿಗಳು "ಎಲ್ಲಾ ನೋಡ್ಕೊಂಡು ಮಾಡಿ" ಅಂತ ಇಟ್ಟು ಹೋಗ್ತಾರೆ, ಆಮೇಲೆ ಬಿಲ್ ನೋಡಿ ಜಗಳ! ಏನೇನು ಕೆಲಸ ಅಂತ ಚೀಟಿಯಲ್ಲಿ ಬರೆದು ಕೊಡಿ. ಕ್ರ್ಯಾಂಕ್ ಗ್ರೈಂಡ್ ಮಾಡಿದರೆ ಅದು ಸಣ್ಣದಾಗುತ್ತದೆ, ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗೇ ಬೇಕು. ಬೇರಿಂಗ್ ಮೇಲೆ ಬಿಗಿಯುವ ಕ್ಯಾಪ್‌ಗಳು ಅದಲುಬದಲಾಗದಂತೆ ಗುರುತು ಹಾಕಿ.

ಇನ್ನೊಂದು, ಇದನ್ನು ತುಂಬಾ ಜನ ಮರೆಯುತ್ತಾರೆ: ಹೋನಿಂಗ್ ಆದ ಬ್ಲಾಕನ್ನು ಬಿಸಿನೀರು, ಸೋಪು ಹಾಕಿ ಉಜ್ಜಿ ತೊಳೆಯಿರಿ. ಬರೀ ಪೆಟ್ರೋಲಲ್ಲಿ ಒರೆಸಿದರೆ ಕಲ್ಲಿನ ಪುಡಿ ಗೆರೆಗಳಲ್ಲೇ ಕೂತು ಹೊಸ ರಿಂಗ್ ತಿಂದುಹಾಕುತ್ತದೆ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಕಪ್ಪು ಬರಬಾರದು. ತಕ್ಷಣ ಆಯಿಲ್ ಸವರಿ, ಇಲ್ಲದಿದ್ದರೆ ತುಕ್ಕು.

ಹಳೇಗಾಡಿ_ಹಾಸನ:
ಸೋಪಾ! ಸರಿ, ನಾಳೆ ಬೆಳಗ್ಗೆಯೇ ಬ್ಲಾಕ್ ವಾಪಸ್ ತರ್ತೀನಿ. ಬೋರ್ ಗೇಜ್ ಇರುವ ಅಂಗಡಿ ಹುಡುಕಬೇಕು ಈಗ.